ಮೊಗಾದಿಶುವಿನ 587 ಜನ ಎಲ್ಲಿ?

ಮಾನ್ಯ ಸಂಪಾದಕರೇ,

ಭಯೋತ್ಪಾದನೆಗೆ ಬಲಿಯಾದವರ ಸ್ಮರಣೆಗೆಂದು ವಿಶ್ವಸಂಸ್ಥೆ ಗೊತ್ತುಮಾಡಿರುವ ಆಗಸ್ಟ್ 21ರಂದು ನಿಮ್ಮಲ್ಲಿ ಬಂದ ಲೇಖನ ಓದಿದೆ. ನ್ಯೂಯಾರ್ಕ್, ಲಂಡನ್, ಪ್ಯಾರಿಸ್, ಮುಂಬೈ ಎಲ್ಲವೂ ಇದ್ದವು. ಮೊಗಾದಿಶುವಿನ ಹೆಸರೇ ಇರಲಿಲ್ಲ. ಜಾಗ ಸಾಲಲಿಲ್ಲ ಎನ್ನುವಂತಿಲ್ಲ, ದೀಪ ಆರಿಸಿದ ಐಫೆಲ್ ಗೋಪುರದ ಚಿತ್ರಕ್ಕೇ ಕಾಲು ಪುಟ ಕೊಟ್ಟಿದ್ದಿರಿ.

2017ರ ಅಕ್ಟೋಬರ್ 14ರಂದು ಸೊಮಾಲಿಯಾದ ಆ ರಾಜಧಾನಿಯ ಗಿಜಿಗುಡುವ ಸರ್ಕಲ್‌ನಲ್ಲಿ ಸ್ಫೋಟಕ ತುಂಬಿದ ಲಾರಿ ಸಿಡಿಯಿತು. ಹತ್ತಿರದಲ್ಲಿದ್ದ ಇಂಧನದ ಟ್ಯಾಂಕರಿಗೂ ಬೆಂಕಿ ಹತ್ತಿತು. ತನಿಖಾ ಸಮಿತಿ ಕೊನೆಗೆ ಕೊಟ್ಟ ಲೆಕ್ಕ 587 ಸಾವು. ಗುರುತು ಸಿಗದಷ್ಟು ಸುಟ್ಟುಹೋದ ನೂರಕ್ಕೂ ಹೆಚ್ಚು ದೇಹಗಳನ್ನು ಹೆಸರಿಲ್ಲದೆ ಹೂಳಿದರು. ಸತ್ತವರಲ್ಲಿ ಒಬ್ಬ ವೈದ್ಯಕೀಯ ವಿದ್ಯಾರ್ಥಿನಿಯಿದ್ದಳು. ಮರುದಿನ ಅವಳ ಘಟಿಕೋತ್ಸವ. ಅದನ್ನು ಕಣ್ತುಂಬ ನೋಡಬೇಕೆಂದು ವಿಮಾನ ಹತ್ತಿ ಬಂದ ತಂದೆ ಮಗಳ ಮಣ್ಣಿಗೆ ಹೋಗಬೇಕಾಯಿತು. ಮೂವತ್ತು ವರ್ಷ ಪಾಠ ಹೇಳಿದ ನನಗೆ ಆ ತಂದೆಯ ಚಿತ್ರ ಮನಸ್ಸಿನಿಂದ ಹೋಗಿಲ್ಲ.

ಅಂಥ ಊರುಗಳಿಂದ ಸುದ್ದಿಯೇ ಬರುವುದಿಲ್ಲ ಎಂಬ ಮಾತು ಕೆಲವು ಕಡೆ ನಿಜ. 2015ರ ಜನವರಿಯಲ್ಲಿ, ಪ್ಯಾರಿಸ್ಸಿನ ಚಾರ್ಲಿ ಹೆಬ್ಡೊ ದಾಳಿ ನಡೆದ ವಾರದಲ್ಲೇ, ನೈಜೀರಿಯಾದ ಬಾಗಾ ಪಟ್ಟಣಕ್ಕೆ ಬೊಕೊ ಹರಾಮ್ ಉಗ್ರರ ಗುಂಪು ನುಗ್ಗಿತು. ಬದುಕುಳಿದವರು ದೋಣಿ ಹತ್ತಿ ಚಾಡ್ ಸರೋವರದ ಆಚೆಗೆ ಓಡಿದರು. ಸತ್ತವರು 150 ಎಂದು ಸರ್ಕಾರ ಹೇಳಿದರೆ, 2,000ದವರೆಗೂ ಇರಬಹುದು ಎಂದರು ಸ್ಥಳೀಯರು. ಎಣಿಸುವವರೇ ಇಲ್ಲದ ಕಡೆ ಪತ್ರಕರ್ತ ಹೇಗೆ ತಲುಪಿಯಾನು, ಒಪ್ಪುತ್ತೇನೆ. ಆದರೆ ಆ ವಿದ್ಯಾರ್ಥಿನಿಯ ಸಂಗತಿಯನ್ನು ಅಂತರರಾಷ್ಟ್ರೀಯ ಸುದ್ದಿಸಂಸ್ಥೆಯೇ ಕಳಿಸಿತ್ತು. ನಾನು ಓದಿದ್ದು ಇಂಗ್ಲಿಷಿನಲ್ಲಿ. ಕನ್ನಡಕ್ಕೆ ಬರುವಷ್ಟರಲ್ಲಿ ಎಲ್ಲೋ ಕತ್ತರಿ ಬಿತ್ತು.

'ಅಲ್ಲಿ ದಿನಾ ಇದ್ದದ್ದೇ' ಎಂಬ ಮಾತು ಆ ಕತ್ತರಿಯ ಹಿಂದಿದೆ ಎಂದು ನನ್ನ ಅನುಮಾನ. 2015ರ ನವೆಂಬರ್ 12ರಂದು ಬೈರೂತಿನಲ್ಲಿ ಅವಳಿ ಆತ್ಮಾಹುತಿ ಸ್ಫೋಟಗಳು ನಲವತ್ತಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡವು. ಮರುದಿನ ಪ್ಯಾರಿಸ್ ಮೇಲೆ ದಾಳಿ. 'ನಾನು ಕ್ಷೇಮ' ಎಂದು ಮನೆಯವರಿಗೆ ತಿಳಿಸುವ ಸೌಲಭ್ಯವನ್ನು ಫೇಸ್‌ಬುಕ್ ಪ್ಯಾರಿಸ್ಸಿಗೆ ತೆರೆಯಿತು, ಬೈರೂತಿಗೆ ತೆರೆದಿರಲಿಲ್ಲ. ನಿತ್ಯ ಬಾಂಬು ಬೀಳುವ ಊರಿನ ತಾಯಿಗೆ ಮಗ ಬದುಕಿದ್ದಾನೋ ಇಲ್ಲವೋ ಎಂಬ ಕಳವಳ ಕಡಿಮೆಯೇ?

ನಮ್ಮವರಿಗೆ ಹೆಚ್ಚು ಜಾಗ ಕೊಡುವುದನ್ನು ನಾನು ಆಕ್ಷೇಪಿಸುತ್ತಿಲ್ಲ. 2019ರ ಈಸ್ಟರ್ ಭಾನುವಾರ ಕೊಲಂಬೊದ ಹೋಟೆಲಿನಲ್ಲಿ ಬಾಂಬ್ ಸಿಡಿದು ಬೆಂಗಳೂರು ಕಡೆಯ ಜೆಡಿಎಸ್ ಕಾರ್ಯಕರ್ತರು ಸತ್ತಾಗ ಪುಟಗಟ್ಟಲೆ ಬರೆದಿರಿ. ಬರೆಯಲೇಬೇಕಿತ್ತು. ಅದೇ ಬೆಳಿಗ್ಗೆ ನೆಗೊಂಬೊದ ಸೇಂಟ್ ಸೆಬಾಸ್ಟಿಯನ್ ಚರ್ಚಿನಲ್ಲಿ ಪ್ರಾರ್ಥನೆಗೆ ಬಂದಿದ್ದ ನೂರಕ್ಕೂ ಹೆಚ್ಚು ಮಂದಿ ಸತ್ತರು. ಅವರಲ್ಲಿ ಒಬ್ಬರ ಮನೆಯ ಕಥೆಯನ್ನಾದರೂ ಕನ್ನಡದಲ್ಲಿ ಓದಿದ ನೆನಪು ನನಗಿಲ್ಲ.

ಪ್ಯಾರಿಸ್ಸಿನ ಪತ್ರಿಕೆ ಪ್ಯಾರಿಸ್ಸಿಗೆ ಹೆಚ್ಚು ಅಳುವುದು ಸಹಜ. ಆದರೆ ಶಿರಸಿಗೆ ಮೊಗಾದಿಶು ಪ್ಯಾರಿಸ್ಸಿಗಿಂತ ಹತ್ತಿರ. ನಡುವೆ ಇರುವುದು ಸಮುದ್ರ ಮಾತ್ರ. ಬರುವ ಅಕ್ಟೋಬರ್ 14ರಂದು ವಿದೇಶ ಪುಟದಲ್ಲಿ ಒಂದು ಕಾಲಂ ಆ ಊರಿಗೆ ಬಿಡಿ. ಆ ವಿದ್ಯಾರ್ಥಿನಿಯ ಬಗ್ಗೆ, ಅಂದು ಗಾಯಾಳುಗಳನ್ನು ಹೊತ್ತು ಓಡಿದ 'ಆಮಿನ್' ಎಂಬ ಉಚಿತ ಆಂಬುಲೆನ್ಸ್ ಸೇವೆಯ ಬಗ್ಗೆ, ಅದನ್ನು ಕಟ್ಟಿದ ದಂತವೈದ್ಯರ ಬಗ್ಗೆ ಬರೆಯಿಸಿ. ನಾನು ಕಾದಿರುತ್ತೇನೆ.

— ನಿವೃತ್ತ ಶಿಕ್ಷಕಿ, ಶಿರಸಿ