ಹಳೆ ರೇಡಿಯೊದ ಕರುಳು ಕೀಳಬೇಡಿ

ಧಾರವಾಡದಲ್ಲಿ ಆಕಾಶವಾಣಿ ಶುರುವಾದದ್ದು 1950ರ ಜನವರಿ 8ರಂದು. ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್ಲ, ಬಸವರಾಜ ರಾಜಗುರು ಅವರ ಹಾಡನ್ನು ಆಗ ಮನೆಮನೆಗೆ ಮುಟ್ಟಿಸಿದ್ದು ಮರ್ಫಿ, ಫಿಲಿಪ್ಸ್, ಬುಷ್‌ನಂಥ ವಾಲ್ವ್ ರೇಡಿಯೊಗಳು. ಅಟ್ಟದ ಮೇಲೆ ದೂಳು ತಿನ್ನುತ್ತಿದ್ದ ಆ ಪೆಟ್ಟಿಗೆಗಳ ಮೇಲೆ ಈಗ ನಮ್ಮ ವಯಸ್ಸಿನವರ ಕಣ್ಣು ಬಿದ್ದಿದೆ. ಸಂತೋಷ. ಆದರೆ ಕೆಲವರು ಒಳಗಿನದ್ದನ್ನೆಲ್ಲ ಕಿತ್ತು ಗುಜರಿಗೆ ಹಾಕಿ, ಖಾಲಿ ಪೆಟ್ಟಿಗೆಯಲ್ಲಿ ಬ್ಲೂಟೂತ್ ಬೋರ್ಡ್ ಕೂರಿಸಿ ರೀಲ್ಸ್ ಮಾಡುತ್ತಾರೆ. ನನ್ನ ತಕರಾರು ಇದಕ್ಕೆ.

ಮೊಬೈಲ್ ಹಾಡು ಕೇಳಲು ರೇಡಿಯೊ ಕೊಲ್ಲಬೇಕಿಲ್ಲ. ಬಹಳಷ್ಟು ವಾಲ್ವ್ ಸೆಟ್‌ಗಳ ಹಿಂಬದಿಯಲ್ಲಿ ‘ಪಿ.ಯು.’ ಅಥವಾ ‘ಗ್ರಾಮ್’ ಎಂದು ಬರೆದ ಎರಡು ತೂತುಗಳಿರುತ್ತವೆ. ಗ್ರಾಮೊಫೋನ್ ಪ್ಲೇಟು ಕೇಳಲೆಂದು ಕೊಟ್ಟ ಸಾಕೆಟ್ ಅದು. ಅಲ್ಲಿ ಕೊಟ್ಟ ಸಿಗ್ನಲ್ ಸೀದಾ ಆಡಿಯೊ ವಾಲ್ವ್‌ಗಳಿಗೆ ಹೋಗುತ್ತದೆ. ಫೋನಿನ ಹೆಡ್‌ಫೋನ್ ಜ್ಯಾಕ್ ಕೊಡುವ ವೋಲ್ಟೇಜ್ ಅದಕ್ಕೆ ಸಾಮಾನ್ಯವಾಗಿ ಸಾಕು. ಫೋನು ಸ್ಟೀರಿಯೊ, ರೇಡಿಯೊ ಮೊನೊ. ಹಾಗಾಗಿ ಎಡ-ಬಲದ ತಂತಿಗಳನ್ನು ನೇರವಾಗಿ ಹೊಸೆಯದೆ, ಒಂದೊಂದಕ್ಕೂ ಸುಮಾರು ಸಾವಿರ ಓಮ್‌ನ ರೆಸಿಸ್ಟರ್ ಹಾಕಿ ಕೂಡಿಸಬೇಕು. ಅಷ್ಟೇ.

ಆದರೆ ತಂತಿ ಜೋಡಿಸುವ ಮುನ್ನ ಸೆಟ್ ಯಾವುದೆಂದು ತಿಳಿಯಲೇಬೇಕು. ‘ಎಸಿ/ಡಿಸಿ’ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಕರೆಂಟಿನ ಒಂದು ತಂತಿ ನೇರ ಲೋಹದ ಚಾಸಿಗೇ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ ಚಾಸಿಗೆ 230 ವೋಲ್ಟ್. ಅದಕ್ಕೆ ಫೋನ್ ಜೋಡಿಸಿದರೆ ಅಷ್ಟೂ ಕೈಗೆ ಬರಬಹುದು. ಅಂಥ ಸೆಟ್‌ಗೆ ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಏನನ್ನೂ ಜೋಡಿಸಬಾರದು. ಉಳಿದ ಸೆಟ್‌ಗಳ ಒಳಗೂ 200 ವೋಲ್ಟ್‌ಗಿಂತ ಹೆಚ್ಚು ಡಿಸಿ ಇರುತ್ತದೆ. ಸ್ವಿಚ್ ಆರಿಸಿದ ಮೇಲೂ ಕೆಪಾಸಿಟರ್‌ಗಳಲ್ಲಿ ಅದು ಉಳಿದಿರಬಹುದು. ವಿಡಿಯೊ ನೋಡಿ ಕೈ ಹಾಕುವ ಬದಲು ಹಳೆಯ ರೇಡಿಯೊ ಮೆಕ್ಯಾನಿಕ್ ಒಬ್ಬರ ಪಕ್ಕ ಕೂರಿ. ವರ್ಷಗಟ್ಟಲೆ ಬಳಸದ ಸೆಟ್‌ನ ಸೋರುವ ಕೆಪಾಸಿಟರ್‌ಗಳನ್ನು ಮೊದಲು ಬದಲಾಯಿಸಬೇಕೆಂದು ಅವರೇ ಹೇಳಿಯಾರು.

ನಾವು ಬಿ.ಇ. ವಿದ್ಯಾರ್ಥಿಗಳಿಗೆ ಇದರಿಂದ ಏನು ಲಾಭ? ಲ್ಯಾಬ್‌ನಲ್ಲಿ ನಮ್ಮ ಮುಂದಿರುವುದು ಕರಿ ಐಸಿ. ಒಳಗೇನು ನಡೆಯುತ್ತದೋ ಕಾಣದು. ವಾಲ್ವ್ ರೇಡಿಯೊದಲ್ಲಿ ಸಿಗ್ನಲ್ ಹೋಗುವ ದಾರಿಯನ್ನು ಏರಿಯಲ್‌ನಿಂದ ಸ್ಪೀಕರ್‌ವರೆಗೆ ಕಣ್ಣಲ್ಲೇ ಹಿಂಬಾಲಿಸಬಹುದು. ಪರೀಕ್ಷೆಯಲ್ಲಿ ‘ಗ್ರೌಂಡ್’ ಎಂದರೆ ಎರಡು ಅಂಕದ ಪ್ರಶ್ನೆ. ಇಲ್ಲಿ ಅದು ಜೀವದ ಪ್ರಶ್ನೆ. ಹೀಗೆ ಕಲಿತದ್ದು ಕೆಲಸದ ಸಂದರ್ಶನದಲ್ಲೂ ನಾಲಿಗೆಯ ಮೇಲಿರುತ್ತದೆ, ಬಾಯಿಪಾಠ ಮಾಡಿದ್ದಲ್ಲ.

ಒಮ್ಮೆ ಕಿತ್ತ ಸರ್ಕ್ಯೂಟ್ ಮತ್ತೆ ಬರದು. ಹಿಂಬದಿಯ ಸಾಕೆಟ್‌ಗೆ ಸಿಕ್ಕಿಸಿದ ತಂತಿಯನ್ನಾದರೆ ಯಾವಾಗ ಬೇಕಾದರೂ ತೆಗೆದು, ಮುಳ್ಳನ್ನು ಧಾರವಾಡ ಕೇಂದ್ರದ 765 ಕಿಲೋಹರ್ಟ್ಸ್‌ಗೆ ತಿರುಗಿಸಬಹುದು. ಬ್ಲೂಟೂತ್ ಬೋರ್ಡಿನ ಪೆಟ್ಟಿಗೆಗೆ ಆ ಭಾಗ್ಯವಿಲ್ಲ.