ಕಾಲೇಜು ಸೇರಿದ ಮೇಲೆ ಕೈಬಿಡುವುದೇಕೆ?

ಪರೀಕ್ಷಾ ಫಲಿತಾಂಶ ಪ್ರಕಟವಾದೊಡನೆ ನಮ್ಮ ಜಮಾಅತ್‌ಗಳಲ್ಲಿ ಸನ್ಮಾನ ಸಮಾರಂಭಗಳು ಜರಗುತ್ತವೆ. ಶೇಕಡಾ 90 ದಾಟಿದ ಮಕ್ಕಳಿಗೆ ಸ್ಮರಣಿಕೆ, ಶಾಲು, ಫೋಟೊ. ಸಂತೋಷವೇ. ಆದರೆ ಶೇಕಡಾ 40ರ ಆಸುಪಾಸಿನಲ್ಲಿ ತೇರ್ಗಡೆಯಾಗಿ ಪದವಿ ಕಾಲೇಜಿನ ಮೆಟ್ಟಿಲು ಹತ್ತುವ ಮಕ್ಕಳನ್ನು ಆ ವೇದಿಕೆಗೆ ಯಾರೂ ಕರೆಯುವುದಿಲ್ಲ. ಸಮುದಾಯದ ನೆರವು ಹೆಚ್ಚು ಬೇಕಾಗಿರುವುದು ಅವರಿಗೇ ಎಂಬುದು ನಮ್ಮ ಅಭಿಪ್ರಾಯ.

ಮಾಕುಟ್ಟದಂತಹ ಗಡಿ ಊರನ್ನೇ ನೋಡೋಣ. ಕೂಟುಪುಳ ಸೇತುವೆಯಾಚೆ ಕೇರಳ. ವಿರಾಜಪೇಟೆಯ ಕಾಲೇಜಿಗೆ ಹೋಗಬೇಕಾದರೆ ಕಾಡಿನ ನಡುವಿನ ಘಟ್ಟದ ರಸ್ತೆಯಲ್ಲಿ ಪೆರುಂಬಾಡಿಯವರೆಗೆ ಏರಬೇಕು. 2018ರ ಜೂನ್‌ನಲ್ಲಿ ಮಳೆಗೆ ಗುಡ್ಡ ಕುಸಿದು ಈ ರಸ್ತೆಯೇ ಮುಚ್ಚಿತ್ತು. ದಾರಿಗಿಂತಲೂ ಭಾಷೆಯ ಏರು ಕಡಿದಾದುದು. ಮನೆಯಲ್ಲಿ ಮಲೆಯಾಳ, ಶಾಲೆಯಲ್ಲಿ ಕನ್ನಡ, ಮದ್ರಸದಲ್ಲಿ ಅರಬಿ. ಕಾಲೇಜಿನಲ್ಲಿ ಏಕಾಏಕಿ ಇಂಗ್ಲಿಷ್ ಪಠ್ಯ. ಸರಕಾರಿ ಶಾಲೆಗಳಲ್ಲಿ ವರ್ಷಾರಂಭಕ್ಕೆ ‘ಸೇತುಬಂಧ’ವಿದೆ, ಹಿಂದಿನ ತರಗತಿಯ ಕೊರತೆಯನ್ನು ಅಲ್ಲಿ ಗುರುತಿಸಿ ತುಂಬುತ್ತಾರೆ. ಕಾಲೇಜಿನಲ್ಲಾದರೋ ಪಾಠ ಮೊದಲ ಪುಟದಿಂದಲೇ ಆರಂಭವಾಗುತ್ತದೆ. ಅದಕ್ಕೂ ಹಿಂದಿನದು ಬಾರದವನು ಕೊನೆಯ ಬೆಂಚಿನಲ್ಲಿ ಮೌನಿಯಾಗುತ್ತಾನೆ. ಮೊದಲ ಸೆಮಿಸ್ಟರಿನಲ್ಲಿ ಎರಡು ವಿಷಯ ಉಳಿದರೆ ಸಾಕು, ಅಂಗಡಿ ಕೆಲಸವೋ ಗಲ್ಫಿನ ವೀಸಾವೋ ಅವನನ್ನು ಎಳೆದೊಯ್ಯುತ್ತದೆ. ನಾವು ಅದನ್ನು ‘ಓದಿನಲ್ಲಿ ಮನಸ್ಸಿಲ್ಲ’ ಎಂದು ಕರೆದು ಕೈತೊಳೆದುಕೊಳ್ಳುತ್ತೇವೆ.

ಇಂತಹ ಮಕ್ಕಳಿಗೆ ಬೇಕಾದುದು ದುಬಾರಿ ಟ್ಯೂಷನ್ ಅಲ್ಲ. ಒಂದು ಪುಟ ಓದಿ ಅದರ ಮುಖ್ಯ ವಿಷಯವನ್ನು ಹೇಳಲು, ಕೇಳಿದ ಪಾಠವನ್ನು ಟಿಪ್ಪಣಿ ಮಾಡಿಕೊಳ್ಳಲು, ಗೈಡಿನ ಉತ್ತರವನ್ನು ಬಾಯಿಪಾಠ ಮಾಡದೆ ಸ್ವಂತ ವಾಕ್ಯದಲ್ಲಿ ಬರೆಯಲು, ಶೇಕಡಾವಾರು ಲೆಕ್ಕ ಹಾಕಲು ಬರಬೇಕು. ಇದನ್ನು ಕಲಿಸುವ ಕ್ರಮ ನಮಗೆ ಹೊಸತೇನೂ ಅಲ್ಲ. ದರ್ಸ್‌ನಲ್ಲಿ ಕಿತಾಬ್ ಓದುವಾಗ ವಿದ್ಯಾರ್ಥಿ ಮೊದಲು ಇಬಾರತ್ ಓದುತ್ತಾನೆ, ಪದಪದಕ್ಕೂ ಅರ್ಥ ಹೇಳುತ್ತಾನೆ, ಬಳಿಕ ಮಸ್‌ಅಲವನ್ನು ತನ್ನ ಮಾತಿನಲ್ಲಿ ವಿವರಿಸುತ್ತಾನೆ. ಸಂಜೆ ಹಿರಿಯ ವಿದ್ಯಾರ್ಥಿ ಕಿರಿಯರನ್ನು ಕೂರಿಸಿ ತಕ್ರಾರ್ ಮಾಡಿಸುತ್ತಾನೆ. ಅರ್ಥಶಾಸ್ತ್ರದ ಪುಸ್ತಕವನ್ನು ಹೀಗೆಯೇ ಓದಿಸಬಾರದೇಕೆ?

ಬದ್ರ್‌ನ ಕೈದಿಗಳಲ್ಲಿ ಪರಿಹಾರಧನ ಕೊಡಲಾಗದ ಅಕ್ಷರಸ್ಥರು ಮದೀನಾದ ಮಕ್ಕಳಿಗೆ ಬರಹ ಕಲಿಸಿ ಬಿಡುಗಡೆ ಹೊಂದಿದರೆಂದು ಚರಿತ್ರೆ ಹೇಳುತ್ತದೆ. ಕಲಿಸುವವನು ಮಹಾ ವಿದ್ವಾಂಸನಾಗಿರಬೇಕೆಂಬ ಷರತ್ತು ಅಲ್ಲಿರಲಿಲ್ಲ. ಪ್ರವಾದಿಯವರ (ಸ) ಆದೇಶದಂತೆ ಝೈದ್ ಬಿನ್ ಸಾಬಿತ್ (ರ) ಯಹೂದಿಯರ ಬರವಣಿಗೆಯನ್ನು ಸುಮಾರು ಅರ್ಧ ತಿಂಗಳಲ್ಲಿ ಕಲಿತರು. ಅವರ ಪ್ರತಿಭೆ ಎಲ್ಲರಿಗಿಲ್ಲ, ನಿಜ. ಆದರೆ ಅನ್ಯಭಾಷೆ ಕಲಿಯುವುದು ದೀನಿಗೆ ಹೊರಗಿನ ಕೆಲಸವೆಂದು ಅವರು ಭಾವಿಸಲಿಲ್ಲ.

ಹಾಗಾಗಿ ನಮ್ಮ ಸೂಚನೆ ಸರಳ. ಮಗ್ರಿಬ್ ಮತ್ತು ಇಶಾ ನಡುವೆ, ವಾರಕ್ಕೆ ಮೂರು ದಿನ, ಮದ್ರಸದ ಒಂದು ಕೋಣೆ ಕಾಲೇಜು ಮಕ್ಕಳಿಗೆ ಮೀಸಲಾಗಲಿ. ಪದವಿಯ ಕೊನೆಯ ವರ್ಷದವರು ಮೊದಲ ವರ್ಷದವರಿಗೆ ತಕ್ರಾರ್ ಮಾಡಿಸಲಿ. ಪ್ರತಿಯೊಬ್ಬರೂ ದಿನಕ್ಕೆ ಅರ್ಧ ಪುಟ ಬರೆಯಲಿ. ಉಸ್ತಾದರು ಅದನ್ನು ತಿದ್ದಲಿ. ಹೆಣ್ಣುಮಕ್ಕಳಿಗೆ ಆ ಹೊತ್ತು ಹೊಂದದು, ಅವರಿಗೆ ಭಾನುವಾರ ಬೆಳಗ್ಗೆ ಬೇರೆ ತರಗತಿ ಇರಲೇಬೇಕು. ‘ಆಮೇಲೆ ನೋಡೋಣ’ ಎಂದರೆ ಅದು ಎಂದಿಗೂ ಆಗದು. ಮಳೆಗಾಲಕ್ಕೆ ಮುನ್ನ, ಅಂದರೆ ಪ್ರವೇಶಾತಿ ಮುಗಿಯುವಷ್ಟರಲ್ಲಿಯೇ, ಜಮಾಅತ್ ಸಮಿತಿಗಳು ಈ ವರ್ಷ ಕಾಲೇಜು ಸೇರುವವರ ಪಟ್ಟಿಯನ್ನು ಮನೆಮನೆಯಿಂದ ಬರೆದುಕೊಳ್ಳಲಿ. ಸನ್ಮಾನಕ್ಕೆ ಎತ್ತಿಟ್ಟ ಹಣದಲ್ಲಿ ಒಂದು ಭಾಗ ನಿಘಂಟು, ನೋಟ್‌ಬುಕ್‌ಗಳಿಗೆ ಸಾಲುತ್ತದೆ.