ಕಡಲಿಗೆ ಸಿಕ್ಕ ಬಟನ್ ಬೆಟ್ಟಕ್ಕೆ ಯಾಕಿಲ್ಲ?

ನಮ್ಮ ಕಡೆ ‘ಸ್ಯಾಟಲೈಟ್ ಫೋನ್’ ಎಂಬ ಮಾತು ಪತ್ರಿಕೆಯಲ್ಲಿ ಬರುವುದು ಒಂದೇ ಥರದ ಸುದ್ದಿಯಲ್ಲಿ. ಘಟ್ಟದ ಕಾಡಿನಲ್ಲಿ ಎಲ್ಲೋ ನಿಗೂಢ ಕರೆ ಪತ್ತೆ, ಪೊಲೀಸರಿಂದ ಶೋಧ. ಮರುದಿನ ಏನೂ ಸಿಗಲಿಲ್ಲ ಅಂತ ಇನ್ನೊಂದು ಸಣ್ಣ ಸುದ್ದಿ. ಉತ್ತರ ಕನ್ನಡ, ದಕ್ಷಿಣ ಕನ್ನಡ, ಚಿಕ್ಕಮಗಳೂರು ಕಡೆಯ ವರದಿಗಾರರು ಇಂಥದ್ದನ್ನು ಒಂದಾದರೂ ಬರೆದಿರುತ್ತೇವೆ. ಹಾಗಾಗಿ ಸ್ಯಾಟಲೈಟ್ ಫೋನ್ ಎಂದರೆ ಉಗ್ರರ ಕೈಯಲ್ಲಿರುವ ವಸ್ತು ಎಂದೇ ಊರಿನ ಜನರ ತಲೆಯಲ್ಲಿ ಕೂತಿದೆ. ಅದರಿಂದ ಜೀವವೂ ಉಳಿಯುತ್ತದೆ ಎಂದರೆ ಮುಖ ನೋಡುತ್ತಾರೆ.

ಈಗ 2024ರ ಜೂನ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಹೋಗಿದ್ದ 22 ಜನರ ತಂಡ. ಹೆಚ್ಚಿನವರು ಕರ್ನಾಟಕದವರು, ಜೊತೆಗೆ ಅಲ್ಲಿನ ಗೈಡ್‌ಗಳು. ಜೂನ್ 3ರಂದು ಸರೋವರ ನೋಡಿ ವಾಪಸ್ ಬರುವಾಗ ಹಿಮಗಾಳಿಗೆ ಸಿಕ್ಕರು. 9 ಜನ ಅಲ್ಲೇ ತೀರಿಕೊಂಡರು, 13 ಜನ ಬದುಕಿ ಬಂದರು. ಕಂದಾಯ ಸಚಿವ ಕೃಷ್ಣ ಬೈರೇಗೌಡರು ಡೆಹ್ರಾಡೂನ್‌ಗೆ ಹೋಗಿ ಕೂತಿದ್ದನ್ನು ಟಿವಿಯಲ್ಲಿ ನೋಡಿದ್ದೀರಿ.

ಆ ಸುದ್ದಿಯಲ್ಲಿ ಒಂದು ಸಾಲನ್ನು ಹೆಚ್ಚಿನವರು ಓದಿ ಮುಂದೆ ಹೋದರು. ಮೇಲೆ ಏನಾಗಿದೆ ಎಂದು ಕೆಳಗಿನವರಿಗೆ ಗೊತ್ತಾಗಿದ್ದು ಮರುದಿನ, ಅಂದರೆ ಜೂನ್ 4ಕ್ಕೆ. ಅದೂ ಗೈಡ್ ಒಬ್ಬರು ಮೊಬೈಲ್ ನೆಟ್‌ವರ್ಕ್ ಸಿಗುವ ಜಾಗದವರೆಗೆ ನಡೆದು ಹೋಗಿ ಹೇಳಿದ ಮೇಲೆ. ವಾಯುಪಡೆಯ ಹೆಲಿಕಾಪ್ಟರ್ ಹಾರಿದ್ದು ಜೂನ್ 5ಕ್ಕೆ. ಚಂದ್ರಯಾನ ಮಾಡಿದ ದೇಶದಲ್ಲಿ ಸಾವಿನ ಸುದ್ದಿ ಕಾಲ್ನಡಿಗೆಯಲ್ಲಿ ಬಂತು.

ಸ್ಯಾಟಲೈಟ್ ಫೋನ್ ಇದ್ದಿದ್ದರೆ ಆ ಒಂಬತ್ತೂ ಜನ ಉಳಿಯುತ್ತಿದ್ದರು ಎಂದು ನಾನು ಹೇಳಲಾರೆ. ಹಿಮಗಾಳಿ ಬೀಸುವಾಗ, ಅದೂ ರಾತ್ರಿ, ಹದಿನಾಲ್ಕು ಹದಿನೈದು ಸಾವಿರ ಅಡಿ ಎತ್ತರಕ್ಕೆ ಯಾವ ಹೆಲಿಕಾಪ್ಟರೂ ಬರುವುದಿಲ್ಲ. ಫೋನ್ ಎಂಬುದು ಕಂಬಳಿಯಲ್ಲ, ಡಾಕ್ಟರಲ್ಲ. ಆದರೆ ಹವಾಮಾನ ತಿಳಿಯಾದ ಮೊದಲ ಗಳಿಗೆಯಲ್ಲೇ ಹೊರಡಲು ಕೆಳಗಿನವರು ತಯಾರಾಗಿ ಕೂರಬಹುದಿತ್ತು. ಸುಸ್ತಾದ ಗೈಡ್ ಒಬ್ಬ ಪ್ರಾಣ ಪಣಕ್ಕಿಟ್ಟು ಒಬ್ಬನೇ ಇಳಿಯಬೇಕಿರಲಿಲ್ಲ. ಗುಡ್ಡಗಾಡಿನಲ್ಲಿ ಒಂದು ಹಗಲು ಸಣ್ಣದಲ್ಲ.

ಹಾಗಾದರೆ ಈ ಫೋನನ್ನು ಎಷ್ಟರ ಮಟ್ಟಿಗೆ ನಂಬಬಹುದು?

ಮಾಮೂಲಿ ಮೊಬೈಲಿಗೆ ಟವರ್ ಬೇಕು. ಸ್ಯಾಟಲೈಟ್ ಫೋನಿಗೆ ಟವರ್ ಆಕಾಶದಲ್ಲಿ. ನೆಲದ ಮೇಲೆ ಕರೆಂಟ್ ಹೋಗಲಿ, ಗುಡ್ಡ ಕುಸಿಯಲಿ, ಕೇಬಲ್ ಕಿತ್ತುಹೋಗಲಿ, ಅದಕ್ಕೆ ಬಾಧಕವಿಲ್ಲ. ಇದೇ ಅದರ ದೊಡ್ಡ ಗುಣ. ಆದರೆ ಅದಕ್ಕೆ ಆಕಾಶ ಕಾಣಬೇಕು. ಮನೆಯೊಳಗೆ, ಗುಹೆಯೊಳಗೆ ನಡೆಯುವುದಿಲ್ಲ. ಘಟ್ಟದ ದಟ್ಟ ಕಾಡಿನಲ್ಲಿ, ಅದರಲ್ಲೂ ಮಳೆಗಾಲದಲ್ಲಿ ಎಲೆಯೆಲ್ಲ ನೀರು ಹೊತ್ತು ನಿಂತಾಗ, ಸಿಗ್ನಲ್ ಸೊರಗುತ್ತದೆ. ಬಯಲು ಹುಡುಕಿಕೊಂಡು ಹೋಗಬೇಕು. ಕಾಲು ಮುರಿದವನು ಎಲ್ಲಿಗೆ ಹೋಗುತ್ತಾನೆ?

ಎಲ್ಲ ಸ್ಯಾಟಲೈಟ್ ಫೋನೂ ಒಂದೇ ಅಲ್ಲ. ಇನ್ಮಾರ್‌ಸ್ಯಾಟ್ ಕಂಪನಿಯ ಉಪಗ್ರಹಗಳು ಭೂಮಧ್ಯರೇಖೆಯ ಮೇಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಲ್ಲಿ, ನೆಲದಿಂದ ನೋಡಿದರೆ ನಿಂತಲ್ಲೇ ನಿಂತಂತೆ ಇರುತ್ತವೆ. ಹಿಮಾಲಯದಲ್ಲಿದ್ದವರಿಗೆ ಅವು ದಕ್ಷಿಣದ ಕಡೆ. ದಕ್ಷಿಣಕ್ಕೆ ಕಡಿದಾದ ಬೆಟ್ಟ ಅಡ್ಡ ನಿಂತರೆ ಆ ಕಣಿವೆಯಲ್ಲಿ ಎಷ್ಟು ಹೊತ್ತು ಕಾದರೂ ಫೋನ್ ಮೂಕ. ಇರಿಡಿಯಂ ಕಂಪನಿಯದ್ದು ಬೇರೆ ರೀತಿ. ಅದರ 66 ಉಪಗ್ರಹಗಳು ಸುಮಾರು 780 ಕಿಲೋಮೀಟರ್ ಎತ್ತರದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುತ್ತವೆ. ಒಂದು ನಮ್ಮ ತಲೆ ಮೇಲಿನ ಆಕಾಶ ದಾಟಿ ಹೋಗಲು ಹತ್ತು ನಿಮಿಷದ ಆಸುಪಾಸು, ಅಷ್ಟರಲ್ಲಿ ಇನ್ನೊಂದು ಬರಬೇಕು. ಬಯಲಿನಲ್ಲಿ ಇದು ಗೊತ್ತೇ ಆಗುವುದಿಲ್ಲ. ಇಕ್ಕಟ್ಟಿನ ಕಣಿವೆಯಲ್ಲಿ ಮಾತು ನಡುವೆಯೇ ಕಡಿದುಹೋಗುತ್ತದೆ. ಕಾದರೆ ಮತ್ತೆ ಸಿಗುತ್ತದೆ. ಕಾಯಲು ಬ್ಯಾಟರಿ ಇರಬೇಕು, ಚಳಿಯಲ್ಲಿ ಬ್ಯಾಟರಿ ಬೇಗ ಕೂರುತ್ತದೆ.

ಉಪಗ್ರಹವೇ ಕೈಕೊಟ್ಟ ಉದಾಹರಣೆಯೂ ಇದೆ. 2024ರ ಏಪ್ರಿಲ್‌ನಲ್ಲಿ ಥುರಾಯಾ ಕಂಪನಿಯ ಮೂರನೇ ಉಪಗ್ರಹ ಕೆಟ್ಟು ಆಸ್ಟ್ರೇಲಿಯಾ ಹಾಗೂ ಪೂರ್ವ ಏಷ್ಯಾದ ಕಡೆ ಆ ಫೋನುಗಳೆಲ್ಲ ಒಮ್ಮೆಲೇ ಸತ್ತವು. ದುಡ್ಡು ಕೊಟ್ಟು ಚೀಲದಲ್ಲಿಟ್ಟುಕೊಂಡಿದ್ದವರ ಕೈಯಲ್ಲಿ ಪ್ಲಾಸ್ಟಿಕ್ ತುಂಡು ಉಳಿಯಿತು.

ಇಷ್ಟೆಲ್ಲ ದೋಷ ಇದ್ದರೂ ನೆಟ್‌ವರ್ಕ್ ಇಲ್ಲದ ಜಾಗದಲ್ಲಿ ಅದಕ್ಕೆ ಸಮನಾದ ಇನ್ನೊಂದು ವಸ್ತು ಇಲ್ಲ. ತಾಂತ್ರಿಕವಾಗಿ ನಾನು ಅದನ್ನು ನಂಬುತ್ತೇನೆ. ಆದರೆ ನಮ್ಮ ದೇಶದಲ್ಲಿ ಸಾಮಾನ್ಯ ಮನುಷ್ಯನ ಮಟ್ಟಿಗೆ ಫೋನ್ ಕೈಕೊಡುವ ಮೊದಲೇ ಕಾನೂನು ಕೈ ಹಿಡಿದು ನಿಲ್ಲಿಸುತ್ತದೆ.

ಥುರಾಯಾ, ಇರಿಡಿಯಂ ಫೋನುಗಳನ್ನು ಅನುಮತಿ ಇಲ್ಲದೆ ಇಟ್ಟುಕೊಳ್ಳುವುದೇ ಇಲ್ಲಿ ಅಪರಾಧ. ಕಾರಣ ಇಲ್ಲದೆ ಇಲ್ಲ. 2008ರ ನವೆಂಬರ್ 26ರಂದು ಮುಂಬೈಗೆ ಸಮುದ್ರದ ಮೂಲಕ ಬಂದ ದಾಳಿಕೋರರು ಥುರಾಯಾ ಫೋನ್ ಬಳಸಿದ್ದರು. ಸದ್ಯ ಕಾನೂನುಬದ್ಧ ದಾರಿ ಎಂದರೆ ದೂರಸಂಪರ್ಕ ಇಲಾಖೆಯ ಅನುಮತಿ ಪಡೆದು ಬಿಎಸ್‌ಎನ್‌ಎಲ್ ಮೂಲಕ ಇನ್ಮಾರ್‌ಸ್ಯಾಟ್ ಫೋನ್ ತೆಗೆದುಕೊಳ್ಳುವುದು. 2017ರಲ್ಲಿ ಈ ಸೇವೆ ಶುರುವಾದಾಗ ಮೊದಲು ಸಿಕ್ಕಿದ್ದು ಸರ್ಕಾರಿ ಸಂಸ್ಥೆಗಳಿಗೆ. ನಾಲ್ಕು ದಿನದ ಚಾರಣಕ್ಕೆ ಹೋಗುವ ಊರಿನ ಹುಡುಗರು ಆ ದಾರಿ ಹಿಡಿದು ಮುಗಿಸುವುದುಂಟೇ?

2022ರ ಜುಲೈನಲ್ಲಿ ಇದೇ ಉತ್ತರಾಖಂಡದ ಚಮೋಲಿ ಜಿಲ್ಲೆಗೆ ರಜೆ ಕಳೆಯಲು ಬಂದಿದ್ದ ಬ್ರಿಟಿಷ್ ಪ್ರಜೆಯೊಬ್ಬರು ತಮ್ಮ ಸ್ಯಾಟಲೈಟ್ ಫೋನನ್ನು ಹೋಟೆಲಿನಲ್ಲಿ ಆನ್ ಮಾಡಿದರು. ಸಿಗ್ನಲ್ ಹಿಡಿದು ಪೊಲೀಸರು ಬಂದರು. ಸುಮಾರು ಒಂದು ವಾರ ಜೈಲು, ಕೊನೆಗೆ 1,000 ರೂಪಾಯಿ ದಂಡ. ನನ್ನನ್ನು ಕಾಡುವುದು ಇದು: ಆನ್ ಮಾಡಿದ ಫೋನ್ ಯಾವ ಹೋಟೆಲಿನಲ್ಲಿದೆ ಎಂದು ಪತ್ತೆ ಹಚ್ಚುವ ಶಕ್ತಿ ನಮ್ಮ ವ್ಯವಸ್ಥೆಗೆ ಇದೆ. ಎರಡು ವರ್ಷದ ನಂತರ ಅದೇ ರಾಜ್ಯದಲ್ಲಿ 22 ಜನ ಹಿಮದಲ್ಲಿ ಸಿಕ್ಕಿಕೊಂಡಾಗ ಅವರ ಕೈಗೆ ಒತ್ತಲು ಒಂದು ಗುಂಡಿ ಕೊಡುವ ವ್ಯವಸ್ಥೆ ಮಾತ್ರ ಇರಲಿಲ್ಲ.

ಭದ್ರತೆಯ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಗಡಿ ರಾಜ್ಯಗಳಲ್ಲಿ, ಕರಾವಳಿಯಲ್ಲಿ ಯಾರು ಬೇಕಾದರೂ ವಿದೇಶಿ ಉಪಗ್ರಹದಲ್ಲಿ ಮಾತಾಡಿಕೊಂಡಿರಲಿ ಎನ್ನಲು ಆಗುವುದಿಲ್ಲ. ಆದರೆ ಭದ್ರತೆಯನ್ನೂ ಉಳಿಸಿಕೊಂಡು ಜೀವವನ್ನೂ ಉಳಿಸುವ ದಾರಿ ಇದೇ ಸರ್ಕಾರಕ್ಕೆ ಗೊತ್ತಿದೆ. ಅದನ್ನು ನೋಡಬೇಕಾದರೆ ಬೆಟ್ಟ ಇಳಿದು ಕಡಲ ಕಡೆ ಬರಬೇಕು.

ಆಳಸಮುದ್ರಕ್ಕೆ ಹೋಗುವ ಮೀನುಗಾರರಿಗೆಂದು ಇಸ್ರೊ ಒಂದು ಸಾಧನ ಮಾಡಿದೆ, ಹೆಸರು ಡಿಸ್ಟ್ರೆಸ್ ಅಲರ್ಟ್ ಟ್ರಾನ್ಸ್‌ಮಿಟರ್. ಬೋಟಿನವರು ಡ್ಯಾಟ್ ಎನ್ನುತ್ತಾರೆ. 2010ರಿಂದ ಬಳಕೆಯಲ್ಲಿದೆ. ಇಸ್ರೊ ಹೇಳುವ ಪ್ರಕಾರ 20,000ಕ್ಕಿಂತ ಹೆಚ್ಚು ಸಾಧನಗಳು ಬಳಕೆಯಲ್ಲಿವೆ. ಇದರಲ್ಲಿ ಮಾತಾಡಲು ಆಗುವುದಿಲ್ಲ. ಗುಂಡಿ ಒತ್ತಿದರೆ ಯಾವ ಬೋಟು, ಎಲ್ಲಿದೆ, ಏನು ತೊಂದರೆ ಎಂಬ ಸಂದೇಶ ನಮ್ಮದೇ ಉಪಗ್ರಹಕ್ಕೆ ಹೋಗುತ್ತದೆ. ಅಲ್ಲಿಂದ ಇಂಡಿಯನ್ ಮಿಷನ್ ಕಂಟ್ರೋಲ್ ಸೆಂಟರಿಗೆ ಬರುತ್ತದೆ. ಅದು ಇರುವುದು ಎಲ್ಲಿ ಅಂದುಕೊಂಡಿರಿ? ಬೆಂಗಳೂರಿನಲ್ಲಿ. ಅವರು ಕೋಸ್ಟ್ ಗಾರ್ಡ್‌ಗೆ ತಿಳಿಸುತ್ತಾರೆ.

ಈ ಮೊದಲ ತಲೆಮಾರಿನ ಡ್ಯಾಟ್‌ನಲ್ಲಿ ಒಂದು ದೊಡ್ಡ ಕೊರತೆ ಇತ್ತು. ಗುಂಡಿ ಒತ್ತಿದವನಿಗೆ ತನ್ನ ಸಂದೇಶ ಯಾರಿಗಾದರೂ ತಲುಪಿತೋ ಇಲ್ಲವೋ ಗೊತ್ತಾಗುತ್ತಿರಲಿಲ್ಲ. ಬೋಟಿನೊಳಗೆ ನೀರು ನುಗ್ಗುತ್ತಿದೆ, ತಾಂಡೇಲ ಗುಂಡಿ ಒತ್ತಿದ್ದಾನೆ, ಆ ಕಡೆಯಿಂದ ಸದ್ದಿಲ್ಲ. ಬೋಟಿನಲ್ಲೇ ಇರಬೇಕೋ, ಬಿಟ್ಟು ಹಾರಬೇಕೋ? ಯಾರೋ ಬರುತ್ತಿದ್ದಾರೆ ಎಂಬ ಒಂದು ಖಾತ್ರಿ ಸಿಕ್ಕರೆ ಮನುಷ್ಯ ಇನ್ನೂ ನಾಲ್ಕು ತಾಸು ಹಲ್ಲುಕಚ್ಚಿ ಹಿಡಿದುಕೊಳ್ಳುತ್ತಾನೆ. ಇದು ಇಸ್ರೊದವರಿಗೂ ಅರ್ಥವಾಗಿದೆ. 2024ರಲ್ಲಿ ಬಂದ ಎರಡನೇ ತಲೆಮಾರಿನ ಡ್ಯಾಟ್ ‘ನಿಮ್ಮ ಸಂದೇಶ ತಲುಪಿದೆ’ ಎಂದು ವಾಪಸ್ ಹೇಳುತ್ತದೆ. ಬ್ಲೂಟೂತ್‌ನಲ್ಲಿ ಮೊಬೈಲಿಗೆ ಜೋಡಿಸಿ ಸಂದೇಶವನ್ನು ನಮ್ಮ ಭಾಷೆಯಲ್ಲೇ ಓದಬಹುದು. ನಂಬಿಕೆಗೆ ಅರ್ಹ ಎನ್ನುವ ಮಾತಿಗೆ ನನ್ನ ಪ್ರಕಾರ ಇದೇ ಅರ್ಥ: ಕೂಗಿದವನಿಗೆ ‘ಓ’ ಎನ್ನುವ ದನಿ ಕೇಳಬೇಕು.

ಅದೇ ವರ್ಷ ಆಗಸ್ಟ್ 30ರಂದು ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಪ್ರಧಾನಿ ಇನ್ನೊಂದು ಯೋಜನೆಗೆ ಚಾಲನೆ ಕೊಟ್ಟರು. ಸುಮಾರು 360 ಕೋಟಿ ರೂಪಾಯಿ ವೆಚ್ಚ, ಒಂದು ಲಕ್ಷ ಬೋಟುಗಳಿಗೆ ಉಚಿತ ಟ್ರಾನ್ಸ್‌ಪಾಂಡರ್. ಮೊಬೈಲ್ ನೆಟ್‌ವರ್ಕ್ ಇಲ್ಲದ ಕಡೆಯೂ ಎರಡೂ ದಿಕ್ಕಿಗೆ ಸಂದೇಶ ಹೋಗಿ ಬರುತ್ತದೆ. ಬೋಟಿನವರು ಹೇಳುವ ದೂರುಗಳು ಬೇರೆ ಇವೆ, ಅದನ್ನು ಇನ್ನೊಮ್ಮೆ ಬರೆಯುತ್ತೇನೆ.

ಇದೆಲ್ಲ ಸುಮ್ಮನೆ ಬಂದಿದ್ದಲ್ಲ. 2017ರ ನವೆಂಬರ್ ಕೊನೆಯಲ್ಲಿ ಓಖಿ ಚಂಡಮಾರುತ ಬಂದಾಗ ಕೇರಳ, ಕನ್ಯಾಕುಮಾರಿಯ ಮೀನುಗಾರರು ಎಚ್ಚರಿಕೆ ತಲುಪುವ ಮೊದಲೇ ದೂರ ಸಾಗಿದ್ದರು. ನಮ್ಮ ಕರಾವಳಿಯವರಂತೂ ‘ಸುವರ್ಣ ತ್ರಿಭುಜ’ವನ್ನು ಮರೆಯುವುದುಂಟೇ? 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಬೋಟು, ಒಳಗೆ ಉಡುಪಿ, ಉತ್ತರ ಕನ್ನಡದ 7 ಜನ. 15ರ ರಾತ್ರಿಯ ನಂತರ ಸಂಪರ್ಕ ಇಲ್ಲ. ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ, ಮಹಾರಾಷ್ಟ್ರದ ಮಾಲ್ವಣ ಬಳಿ, ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹುಡುಕಿದ ಮೇಲೆ. ನಾಲ್ಕೂವರೆ ತಿಂಗಳು ಏಳು ಮನೆಗಳ ಹೆಂಗಸರು ಕುಂಕುಮ ಇಡಬೇಕೋ ಬಿಡಬೇಕೋ ಗೊತ್ತಿಲ್ಲದೆ ಕಳೆದರು. ಮೀನುಗಾರರು ಮಲ್ಪೆಯಲ್ಲಿ ರಸ್ತೆಗಿಳಿದರು, ಹೆದ್ದಾರಿ ತಡೆದರು. ಜೀವ ಉಳಿಯದಿದ್ದರೂ, ಎಲ್ಲಿದ್ದರು ಎಂಬ ಒಂದು ಗುರುತಾದರೂ ಬೇಕಲ್ಲ. ಮೀನುಗಾರರು ಸಂಘ ಕಟ್ಟಿಕೊಂಡಿದ್ದಾರೆ, ಒಟ್ಟಾಗಿ ಕೇಳುತ್ತಾರೆ, ಅದಕ್ಕೆ ಕಡಲಿಗೆ ಗುಂಡಿ ಸಿಕ್ಕಿತು ಎಂಬುದು ನನ್ನ ಅನಿಸಿಕೆ. ಬೆಟ್ಟ ಹತ್ತುವವರಿಗೆ, ಅವರ ಸಾಮಾನು ಹೊರುವ ಗೈಡ್‌ಗೆ, ಕಾಡು ಕಾಯುವ ದಿನಗೂಲಿ ವಾಚರ್‌ಗೆ ಅಂಥ ಸಂಘ ಎಲ್ಲಿದೆ?

ನಾನು ಕೇಳುವುದು ಇಷ್ಟು. ಎಲ್ಲರ ಕೈಗೂ ಸ್ಯಾಟಲೈಟ್ ಫೋನ್ ಕೊಡಿ ಎಂದಲ್ಲ. ಸಮುದ್ರದಲ್ಲಿ ಮಾಡಿದ್ದನ್ನೇ ನೆಲದ ಮೇಲೆ ಮಾಡಿ. ಮಾತಿಲ್ಲದ, ಬರೀ ಅಪಾಯದ ಸಂದೇಶ ಕಳಿಸುವ, ನಮ್ಮದೇ ಉಪಗ್ರಹದ, ಬೆಂಗಳೂರಿನಲ್ಲೇ ಸ್ವೀಕರಿಸುವ ಸಾಧನದಿಂದ ಯಾವ ಉಗ್ರನಿಗೆ ಏನು ಲಾಭ? ಅದನ್ನು ಅರಣ್ಯ ಇಲಾಖೆಯ ಗೇಟಿನಲ್ಲಿಡಿ. ತಂಡದ ಹೆಸರು, ಆಧಾರ್ ಬರೆದುಕೊಂಡು ಠೇವಣಿ ಇಟ್ಟುಕೊಂಡು ಬಾಡಿಗೆಗೆ ಕೊಡಿ, ಇಳಿದು ಬಂದಾಗ ವಾಪಸ್ ತೆಗೆದುಕೊಳ್ಳಿ. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ವಿಡಿಯೊ ಬಂದ ಮೇಲೆ ಇಲಾಖೆ ಚಾರಣ ನಿಲ್ಲಿಸಿ, ದಿನಕ್ಕೆ 300 ಜನ ಎಂದು ಮಿತಿ ಹಾಕಿ, ಆನ್‌ಲೈನ್ ಬುಕಿಂಗ್ ತಂದಿತು. ಯಾರು ಯಾವ ದಿನ ಹತ್ತುತ್ತಾರೆ ಎಂಬ ಪಟ್ಟಿ ಅವರ ಬಳಿ ಈಗಲೇ ಇದೆ. ಚೀಲದಲ್ಲಿ ಪ್ಲಾಸ್ಟಿಕ್ ಬಾಟಲಿ ಎಷ್ಟು ಎಂದು ಎಣಿಸುವ ಗೇಟಿನಲ್ಲಿ ಒಂದು ಸಾಧನ ಕೊಟ್ಟು ತೆಗೆದುಕೊಳ್ಳುವುದು ದೊಡ್ಡ ಕೆಲಸವಲ್ಲ.

ಎರಡನೆಯದು, ದುಡ್ಡು ತೆಗೆದುಕೊಂಡು ಜನರನ್ನು ಹಿಮಾಲಯಕ್ಕೆ ಕರೆದೊಯ್ಯುವ ಸಂಸ್ಥೆಗಳಿಗೆ ಬಿಎಸ್‌ಎನ್‌ಎಲ್‌ನ ಪರವಾನಗಿ ಇರುವ ಫೋನ್ ಕಡ್ಡಾಯ ಮಾಡಬೇಕು, ಅದಕ್ಕೆ ಬೇಕಾದ ಅನುಮತಿ ಬೇಗ ಸಿಗುವಂತೆಯೂ ಮಾಡಬೇಕು. ಕಡ್ಡಾಯ ಮಾಡಿ ಕಡತವನ್ನು ದೆಹಲಿಯಲ್ಲಿ ಕೊಳೆಯಲು ಬಿಟ್ಟರೆ ಪ್ರಯೋಜನವಿಲ್ಲ.

ಸ್ಟಾರ್‌ಲಿಂಕ್ ಬರುತ್ತಿದೆಯಲ್ಲ, ಎಲ್ಲ ಸರಿಹೋಗುತ್ತದೆ ಎಂದು ಗೆಳೆಯರು ಹೇಳುತ್ತಾರೆ. 2025ರ ಜೂನ್‌ನಲ್ಲಿ ಅದಕ್ಕೆ ದೂರಸಂಪರ್ಕ ಇಲಾಖೆಯ ಲೈಸೆನ್ಸ್ ಸಿಕ್ಕಿದ್ದು ನಿಜ. ಅದು ಮನೆಯ ಮಾಡಿನ ಮೇಲೆ ತಟ್ಟೆ ಇಟ್ಟು ಇಂಟರ್‌ನೆಟ್ ಪಡೆಯುವ ವ್ಯವಸ್ಥೆ. ಜೊಯಿಡಾ ಕಡೆಯ ಶಾಲೆಗೆ ಉಪಯೋಗ ಆಗಬಹುದು, ಬೆಟ್ಟ ಹತ್ತುವವನ ಕೈಯ ಗುಂಡಿಗೆ ಅದು ಬದಲಿಯಲ್ಲ. ಐಫೋನಿನಲ್ಲಿ ಉಪಗ್ರಹದ ತುರ್ತು ಸಂದೇಶ ಇದೆ ಎಂದು ಇನ್ನು ಕೆಲವರು. 2022ರಲ್ಲಿ ಅಮೆರಿಕ, ಕೆನಡಾದಲ್ಲಿ ಶುರುವಾದ ಆ ಸೌಲಭ್ಯವನ್ನು ನಂಬಿಕೊಂಡು ಇಲ್ಲಿನ ಕಾಡಿಗೆ ಹೊರಡಬೇಡಿ.

ಅಲ್ಲಿಯವರೆಗೆ ನಾವು ಮಾಡಬಹುದಾದದ್ದು ಸ್ವಲ್ಪ. ವಿದೇಶದಲ್ಲಿರುವ ನೆಂಟರು ತಂದುಕೊಟ್ಟರೂ ಪರವಾನಗಿ ಇಲ್ಲದ ಸ್ಯಾಟಲೈಟ್ ಫೋನ್ ಇಟ್ಟುಕೊಳ್ಳಬೇಡಿ, ಕೇಸ್ ಬೀಳುತ್ತದೆ. ನೆಟ್‌ವರ್ಕ್ ಇಲ್ಲದ ಕಡೆ ಮೊಬೈಲನ್ನು ಫ್ಲೈಟ್ ಮೋಡ್‌ಗೆ ಹಾಕಿ, ಇಲ್ಲದಿದ್ದರೆ ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಮುಗಿಯುತ್ತದೆ. ಚಳಿಯಿದ್ದರೆ ಫೋನನ್ನು ಅಂಗಿಯೊಳಗೆ ಮೈಗೆ ತಾಗಿಸಿಟ್ಟುಕೊಳ್ಳಿ. ನಿಮ್ಮ ಸಿಮ್ಮಿಗೆ ಸಿಗ್ನಲ್ ಇಲ್ಲದಿದ್ದರೂ 112ಕ್ಕೆ ಒತ್ತಿ ನೋಡಿ, ಬೇರೆ ಕಂಪನಿಯ ಟವರ್ ಹತ್ತಿರವಿದ್ದರೆ ಅದರ ಮೂಲಕ ಕರೆ ಹೋಗುತ್ತದೆ. ಕರೆ ಹೋಗದ ಕಡೆ ಕೆಲವೊಮ್ಮೆ ಎಸ್‌ಎಂಎಸ್ ಹೋಗುತ್ತದೆ. ಹೊರಡುವ ಮೊದಲು ಯಾವ ದಾರಿ, ಎಷ್ಟು ಗಂಟೆಗೆ ವಾಪಸ್, ಬರದಿದ್ದರೆ ಯಾರಿಗೆ ಫೋನ್ ಮಾಡಬೇಕು ಎಂದು ಮನೆಯಲ್ಲಿ ಒಬ್ಬರಿಗೆ ಬರೆದು ಕೊಡಿ.

ಮಳೆ ಕಳೆದು ಚಾರಣ ಶುರುವಾದಾಗ ಕಾಡಿನ ಗೇಟಿನಲ್ಲೋ, ನಿಮ್ಮನ್ನು ಕರೆದೊಯ್ಯುವ ಸಂಸ್ಥೆಯವರ ಬಳಿಯೋ ಇದನ್ನು ಕೇಳಿ: ಮೇಲೆ ಯಾರಿಗಾದರೂ ಕಾಲು ಮುರಿದರೆ ಕೆಳಗೆ ಸುದ್ದಿ ಹೇಗೆ ಬರುತ್ತದೆ, ಎಷ್ಟು ಹೊತ್ತಿಗೆ ಬರುತ್ತದೆ? ಅವರು ಏನು ಹೇಳಿದರು ಎಂದು ನಮಗೂ ಬರೆದು ಕಳಿಸಿ.